ಇನ್ನೂರ ಎಂಬತ್ತು ನ್ಯಾನೋ

ನಿಫಾಡ ದಾಟುವವರೆಗೂ ವೈಜನಾಥ ಒಂದು ಮಾತೂ ಆಡಲಿಲ್ಲ. ನಾಸಿಕದಿಂದ ಹೊರಟಾಗ ಬೆಳಗಿನ ಆರೂವರೆ. ಈಗ ಬಿಸಿಲು ದ್ರಾಕ್ಷಿ ತೋಟಗಳ ತಂತಿಯ ಮೇಲೆ ಹರಿದು ಕಣ್ಣಿಗೆ ಬಡಿಯುತ್ತಿತ್ತು. ಕಾರಿನ ಗಾಜಿಗೆ ಹಣೆ ಆನಿಸಿ, ಆ ತಂತಿಸಾಲುಗಳು ಒಂದರ ಹಿಂದೆ ಒಂದು ತೆರೆದುಕೊಂಡು ಮುಚ್ಚಿಕೊಳ್ಳುವುದನ್ನು ಅವನು ನೋಡುತ್ತಿದ್ದ. ಪಕ್ಕದಲ್ಲಿ ಕೂತ ಹರ್ಷಿಣಿಯ ತೊಡೆಯ ಮೇಲೆ ಲ್ಯಾಪ್‌ಟಾಪ್ ಇತ್ತು; ಅವಳು ಅದನ್ನು ತೆರೆದಿರಲಿಲ್ಲ. ತೆರೆದು ಏನಾದರೂ ಕುಟ್ಟುತ್ತ ಕೂತಿದ್ದರೆ ಅವನಿಗೆ ಹಗುರಾಗುತ್ತಿತ್ತು. ಮುಚ್ಚಿದ ಲ್ಯಾಪ್‌ಟಾಪಿನ ಮೇಲೆ ಎರಡೂ ಕೈಯಿಟ್ಟು, ಬೆನ್ನು ನೆಟ್ಟಗೆ ಮಾಡಿ, ತನ್ನ ಸರದಿಗೆ ಕಾಯುತ್ತಿರುವವಳಂತೆ ಕೂತಿದ್ದಳು. ನಲವತ್ತೇಳು ವರ್ಷದ ತಾನು ಇಪ್ಪತ್ತೇಳರ ಹುಡುಗಿಯ ಕೈ ನೋಡಲು ಹೆದರುತ್ತಿದ್ದೇನೆ ಎಂದು ಹೊಳೆದಾಗ, ಬೇಕೆಂದೇ ಆ ಕಡೆ ತಿರುಗಿ, ಏಸಿ ಜಾಸ್ತಿಯಾಯಿತೇ ಎಂದು ಕೇಳಿದ. ಇಲ್ಲ ಸರ್ ಎಂದಳು. ಅಷ್ಟಕ್ಕೆ ಮಾತು ಮುಗಿಯಿತು. ಡ್ರೈವರ್ ಮಹಿಬೂಬ ಮಾತ್ರ ಕನ್ನಡಿಯಲ್ಲಿ ಒಮ್ಮೆ ಇಬ್ಬರನ್ನೂ ನೋಡಿ, ಏಸಿಯ ಗುಂಡಿ ತಿರುಗಿಸಿದ.

ಅವರು ಹೊರಟಿದ್ದು ಛತ್ರಪತಿ ಸಂಭಾಜಿನಗರದ ಒಂದು ಔಷಧ ಗೋದಾಮಿಗೆ. ಅಲ್ಲಿನ ಶೀತಕೋಣೆಯಿಂದ ಇನ್ಸುಲಿನ್ ಪೆಟ್ಟಿಗೆಗಳು ಸುತ್ತಲ ತಾಲೂಕುಗಳ ಅಂಗಡಿಗಳಿಗೆ ಹೋಗುತ್ತವೆ. ಪ್ರತಿ ಪೆಟ್ಟಿಗೆಯೊಳಗೂ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಟ್ಯಾಗ್. ಅದು ಹತ್ತು ನಿಮಿಷಕ್ಕೊಮ್ಮೆ ಎಚ್ಚತ್ತು, ಒಳಗಿನ ತಂಪು ಎಷ್ಟೆಂದು ಬರೆದುಕೊಂಡು, ಮತ್ತೆ ಮಲಗುತ್ತದೆ. ಟ್ಯಾಗಿನ ಹೊಟ್ಟೆಯಲ್ಲಿರುವ ಚಿಪ್ ವೈಜನಾಥನ ಕಂಪನಿಯದು. ಡಿಸೆಂಬರಿನಲ್ಲಿ ಒಂದು ದಿನ ಶೀತಕೋಣೆಯ ಯಂತ್ರ ಹದ ತಪ್ಪಿ, ಗಾಳಿ ಊದುವ ಬಾಯಿಯ ಹತ್ತಿರವಿದ್ದ ಪೆಟ್ಟಿಗೆಗಳು ಹೆಪ್ಪುಗಟ್ಟಿದವು. ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ಕಣ್ಣಿಗೆ ಮೊದಲಿನಂತೆಯೇ ಕಾಣಬಹುದು, ಮೈಗೆ ಮಾತ್ರ ಹತ್ತುವುದಿಲ್ಲ. ಮರುದಿನ ಅರವತ್ತು ಟ್ಯಾಗುಗಳನ್ನು ಓದುವ ಯಂತ್ರಕ್ಕೆ ಹಿಡಿದರು. ಕೆಂಪು ತೋರಿಸಿದ ಪೆಟ್ಟಿಗೆ ಎಸೆದರು, ಉಳಿದವನ್ನು ಕಳಿಸಿದರು. ಉಳಿದವುಗಳಲ್ಲಿ ಮೂರು ಟ್ಯಾಗು ಒಂದು ಅಕ್ಷರವೂ ಇಲ್ಲದೆ ಖಾಲಿಯಿದ್ದವು. ಖಾಲಿ ಟ್ಯಾಗಿಗೆ ಯಂತ್ರ ಕೆಂಪು ತೋರಿಸುವುದಿಲ್ಲ. ಅಂಥದೊಂದು ಪೆಟ್ಟಿಗೆ ಸಿಲ್ಲೋಡಿಗೆ ಹೋಯಿತು. ಅಲ್ಲಿ ಇಬ್ಬರು ಮುದುಕರು ಆಸ್ಪತ್ರೆ ಸೇರಿ, ಹತ್ತು ದಿನ ಮಲಗಿ, ಹೇಗೋ ಉಳಿದರು. ಗೋದಾಮಿನವರು ವಿಚಾರಣೆ ಮಾಡಿದರು. ಪೆಟ್ಟಿಗೆ ಒಳಗಿಡುವ ಮೊದಲು ಟ್ಯಾಗಿನ ಗುಂಡಿ ಒತ್ತಬೇಕು, ಆಗಲೇ ಅದು ಶುರುವಾಗುವುದು. ಶೀತಕೋಣೆಯ ಕೆಲಸಗಾರ ಮೂರು ಗುಂಡಿ ಒತ್ತಲು ಮರೆತಿದ್ದಾನೆ, ಹೀಗಾಗಿ ಖಾಲಿ ಎಂದು ತೀರ್ಮಾನಿಸಿದರು. ಎರಡು ತಿಂಗಳಿನಿಂದ ಅವನನ್ನು ಕೆಲಸದಿಂದ ದೂರವಿಟ್ಟಿದ್ದರು. ಇವತ್ತು ಕೊನೆಯ ವಿಚಾರಣೆ. ಚಿಪ್ ಸರಿಯಾಗಿದೆಯೆಂದು ಚಿಪ್ ಮಾಡಿದವರೇ ಬಂದು ಹೇಳಬೇಕು.

ಆ ಮನುಷ್ಯ ಮರೆತಿರಲಿಲ್ಲ ಎಂಬುದು ವೈಜನಾಥನಿಗೆ ಗೊತ್ತಿತ್ತು.

ಗೊತ್ತಿತ್ತು ಎನ್ನುವುದಕ್ಕಿಂತ, ಗೊತ್ತಾಗದಂತೆ ಇರಲು ಎರಡು ವರ್ಷದಿಂದ ಅವನು ಪಟ್ಟ ಶ್ರಮ ದೊಡ್ಡದು. ಟ್ಯಾಗಿನ ಗುಂಡುಬ್ಯಾಟರಿ ಹೊಸತಿದ್ದಾಗ ಮೂರು ವೋಲ್ಟು, ಹಳತಾಗುತ್ತ ಎರಡಕ್ಕೆ ಇಳಿಯುತ್ತದೆ. ಚಿಪ್ಪಿನೊಳಗಿನ ನಾಜೂಕು ಭಾಗಗಳಿಗೆ ಈ ಏರಿಳಿತ ಒಗ್ಗದು. ಅವಕ್ಕೆ ಅಲುಗದ ಒಂದೂಕಾಲು ವೋಲ್ಟು ಬೇಕು. ಅದನ್ನು ಚಿಪ್ಪಿನೊಳಗೇ ತಯಾರಿಸಿ ಬಡಿಸುವ ಸರ್ಕ್ಯೂಟು ವೈಜನಾಥನದು. ಅಡುಗೆಯವನೇ ಅರ್ಧ ತಿಂದರೆ ಪಂಕ್ತಿಗೆ ಕೂತವರಿಗೆ ಏನು ಉಳಿಯಿತು ಎಂದು ಹೊಸಬರಿಗೆ ಅವನು ಪಾಠ ಹೇಳುತ್ತಿದ್ದ. ಬಡಿಸುವ ಸರ್ಕ್ಯೂಟು ತಾನು ಏನೂ ತಿನ್ನಬಾರದು, ಆಗಲೇ ಒಂದು ಬ್ಯಾಟರಿ ಮೂರು ವರ್ಷ ಬಂದೀತು. ಒಂದು ಆಂಪಿಯರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋ. ಅವನ ಸರ್ಕ್ಯೂಟು ಮೊದಲು ತಿನ್ನುತ್ತಿದ್ದದ್ದು ಮುನ್ನೂರ ಹದಿನೈದು ನ್ಯಾನೋ. ಅದರಲ್ಲಿ ನಲವತ್ತು ಹೋಗುತ್ತಿದ್ದದ್ದು ಎಬ್ಬಿಸುವ ಕೆಲಸಕ್ಕೆ. ಇಂಥ ಸರ್ಕ್ಯೂಟಿಗೆ ಎರಡು ನೆಲೆಗಳಿರುತ್ತವೆ. ಒಂದರಲ್ಲಿ ಅದು ಎದ್ದು ದುಡಿಯುತ್ತದೆ; ಇನ್ನೊಂದರಲ್ಲಿ ಏನೂ ಹರಿಯದೆ, ಏನೂ ಕೆಡದೆ, ಸುಮ್ಮನೆ ಬಿದ್ದುಕೊಂಡಿರುತ್ತದೆ, ಮತ್ತು ಗಣಿತದ ಪ್ರಕಾರ ಅದೂ ಸರಿಯೇ. ಹಾಗೆ ಬಿದ್ದದ್ದನ್ನು ಪಕ್ಕೆಗೆ ತಿವಿದು ಎಬ್ಬಿಸಲು ಇನ್ನೊಂದು ಪುಟ್ಟ ಸರ್ಕ್ಯೂಟು ಬೇಕು. ಆ ತಿವಿತದ ನಲವತ್ತನ್ನು ವೈಜನಾಥ ಐದಕ್ಕೆ ಇಳಿಸಿದ. ಒಟ್ಟು ಇನ್ನೂರ ಎಂಬತ್ತಾಯಿತು. ಮುನ್ನೂರರ ಒಳಗೆ ಎಂಬ ಮಾತು ಕಂಪನಿಗೆ ಬೇಕಿತ್ತು. ಕಂಪನಿಗಿಂತ ಹೆಚ್ಚಾಗಿ ಅವನಿಗೆ ಬೇಕಿತ್ತು. ಇಪ್ಪತ್ತು ವರ್ಷ ಬೇರೆಯವರ ಸರ್ಕ್ಯೂಟು ತಿದ್ದುತ್ತ ಕೂತವನಿಗೆ, ತನ್ನ ಹೆಸರಿನ ಪಕ್ಕ ಒಂದು ಅಂಕಿಯಾದರೂ ಇರಲಿ ಎನಿಸಿತ್ತು.

ತಂಪಿನಲ್ಲಿ ಟ್ರಾನ್ಸಿಸ್ಟರುಗಳು ಜಡವಾಗುತ್ತವೆ. ಐದರ ತಿವಿತ ಕೆಲವು ಚಿಪ್ಪುಗಳಿಗೆ ತಾಗುವುದೇ ಇಲ್ಲ. ಇದನ್ನು ಮೊದಲು ಕಂಡದ್ದು ಹರ್ಷಿಣಿ. ಆಗ ಅವಳು ಸೇರಿ ನಾಲ್ಕು ತಿಂಗಳು. ಕಂಪ್ಯೂಟರಿನಲ್ಲಿ ಇನ್ನೂರು ಚಿಪ್ಪುಗಳನ್ನು ನಾಲ್ಕು ಡಿಗ್ರಿಯಲ್ಲಿ ಓಡಿಸಿ ನೋಡಿ, ಪರದೆಯನ್ನು ಅವನ ಕಡೆ ತಿರುಗಿಸಿದ್ದಳು. ನೂರ ತೊಂಬತ್ತೇಳು ಗೆರೆ ಮೇಲೇರಿ ನಿಂತಿದ್ದವು. ಮೂರು ನೆಲಕ್ಕೆ ಅಂಟಿಕೊಂಡಿದ್ದವು. ಸಾಫ್ಟ್‌ವೇರಿನ ದೋಷ, ಲೆಕ್ಕ ಕೂಡಿಲ್ಲ, ಆ ಮೂರನ್ನು ತೆಗೆದು ವರದಿ ಮಾಡು ಎಂದಿದ್ದ. ಮತ್ತೊಮ್ಮೆ ಓಡಿಸಿದೆ ಸರ್, ಅದೇ ಮೂರು ಎಂದಳು. ನೀನು ಸೇರಿ ಎಷ್ಟು ದಿನವಾಯಿತು ಎಂದು ಕೇಳಿದ. ನಾಲ್ಕು ತಿಂಗಳು. ನಾಲ್ಕು ತಿಂಗಳು ಎಂದು ಅವನು ಉಳಿದ ಮೇಜುಗಳಿಗೂ ಕೇಳುವಂತೆ ತಿರುಗಿ ಹೇಳಿದಾಗ ಯಾರೋ ನಕ್ಕಿದ್ದರು. ಅವಳು ವರದಿ ಮಾಡಿಕೊಟ್ಟಳು. ಮುಂದೆ ಪುಣೆಯ ಒಂದು ಸಮ್ಮೇಳನದಲ್ಲಿ ಅವನು ಇನ್ನೂರ ಎಂಬತ್ತರ ಬಗ್ಗೆ ಮಾತಾಡಿ ಫಲಕ ಪಡೆದದ್ದು. ಅಲ್ಲಿಯೂ ಹಿಂದಿನ ಸಾಲಿನಿಂದ ಒಬ್ಬ ಸಣಕಲ ಎದ್ದು, ತಂಪಿನಲ್ಲಿ ಇದು ಶುರುವಾಗುತ್ತದೆಯೇ ಎಂದು ಕೇಳಿದ್ದ. ಆಗದಿದ್ದರೆ ಒಂದು ಸ್ವೆಟರ್ ಹೆಣೆಸಿ ಕೊಡುತ್ತೇವೆ ಎಂದು ವೈಜನಾಥ ಉತ್ತರಿಸಿದ, ಸಭೆ ಗೊಳ್ಳೆಂದಿತು. ಆ ಚಪ್ಪಾಳೆ, ಆ ಫಲಕ, ಅದನ್ನು ಕೊಟ್ಟವರ ಮುಖ ಯಾವುದೂ ಈಗ ನೆನಪಾಗುವುದಿಲ್ಲ. ಕುರ್ಚಿಯಲ್ಲಿ ಕುಳಿತುಕೊಳ್ಳುತ್ತಿದ್ದ ಆ ಸಣಕಲನ ಕಿವಿ ಕೆಂಪಾದದ್ದು ಮಾತ್ರ ಕಣ್ಣಿಗೆ ಕಟ್ಟಿದೆ. ಆ ಕಿವಿಗಳನ್ನು ಕನ್ನಡಿಯಲ್ಲಿ ತನ್ನ ಮುಖಕ್ಕೆ ಅಂಟಿಸಿ ನೋಡಿದ್ದೂ ಉಂಟು.

ಯೇವಲಾದಲ್ಲಿ ಮಹಿಬೂಬ ಚಹಾಕ್ಕೆ ನಿಲ್ಲಿಸಿದ. ರಸ್ತೆಯ ಎರಡೂ ಬದಿಗೆ ಪೈಠಣಿ ಸೀರೆಯ ಅಂಗಡಿಗಳು ಒಂದೊಂದಾಗಿ ಬಾಗಿಲು ತೆಗೆಯುತ್ತಿದ್ದವು. ಒಬ್ಬ ಮುದುಕ ಬೊಂಬೆಗೆ ನವಿಲಿನ ಸೆರಗು ಹೊದಿಸಿ ಸೂಜಿ ಚುಚ್ಚುತ್ತಿದ್ದ. ವೈಜನಾಥ ಬೊಂಬೆಯ ಕಡೆ ನೋಡುತ್ತ ಚಹಾ ಊದುತ್ತಿದ್ದಾಗ, ಹರ್ಷಿಣಿ ಹತ್ತಿರ ಬಂದು ನಿಂತು, ಬೆಳಗಿನಿಂದ ಹಿಡಿದಿಟ್ಟಿದ್ದನ್ನು ಹೇಳಿದಳು. ಅವಳ ಕನ್ನಡ ಮನೆಯದು. ಅಪ್ಪನ ಊರು ಕುಂದಾಪುರದ ಕಡೆ, ಹೋಟೆಲು ನಾಸಿಕದಲ್ಲಿ. ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯೇ ಆದ್ದರಿಂದ ಒಂದೊಂದು ಶಬ್ದವನ್ನೂ ತಡೆದು ತಡೆದು ಆಡುತ್ತಿದ್ದಳು.

“ಸರ್, ವಾಪಸ್ ಬಂದ ಮೂರು ಟ್ಯಾಗನ್ನೂ ನಾವು ಮೇಜಿನ ಮೇಲೇ ಟೆಸ್ಟ್ ಮಾಡಿದ್ದು. ತಂಪಲ್ಲಿ ಇಟ್ಟು ನೋಡ್ಲೇ ಇಲ್ಲ.”

“ಟೈಮ್ ಇರಲಿಲ್ಲ.”

“ನಾನು ನೋಡಿದೆ. ಒಂದನ್ನು ಮನೆಗೆ ತಕೊಂಡು ಹೋಗಿ, ಅಪ್ಪನ ಹೋಟೆಲಿನ ಫ್ರಿಜ್ಜಲ್ಲಿ ಇಟ್ಟೆ. ದೋಸೆಹಿಟ್ಟಿನ ಪಕ್ಕ. ಗುಂಡಿ ಒತ್ತಿದಾಗ ದೀಪ ಹತ್ತಿತು ಸರ್. ಒಳಗೆ ಇಟ್ಟ ಮೇಲೆ ಏಳ್ಲಿಲ್ಲ. ಮೂರು ಸಲ ನೋಡಿದೆ.”

ಚಹಾ ಅವನ ನಾಲಿಗೆ ಸುಟ್ಟಿತು. ದೀಪ ಹೊರಗೆ ಹತ್ತುತ್ತದೆ, ಒಳಗೆ ಹೋಗಿ ಮಲಗಿದ್ದು ಏಳುವುದಿಲ್ಲ, ಮೊದಲ ಒಂದು ತಾಸಿನ ಬರಹ ಕಾಯಂ ನೆನಪಿಗೆ ಇಳಿಯುವ ಮುಂಚೆಯೇ ಸತ್ತದ್ದರಿಂದ ಯಾರೂ ಗುಂಡಿ ಮುಟ್ಟಲೇ ಇಲ್ಲವೆಂಬಂತೆ ಟ್ಯಾಗು ಖಾಲಿ. ಹೀಗೇ ಆಗಿರಬೇಕೆಂದು ಅವನು ಒಂದು ತಿಂಗಳ ಹಿಂದೆಯೇ ಮನಸ್ಸಿನಲ್ಲಿ ಬಿಡಿಸಿಕೊಂಡಿದ್ದ. ಅದು ಒಂದು ಹೋಟೆಲಿನ ಫ್ರಿಜ್ಜಿನಲ್ಲಿ, ಹಿಟ್ಟಿನ ಪಾತ್ರೆಯ ಪಕ್ಕದಲ್ಲಿ, ಇಷ್ಟು ಸುಲಭವಾಗಿ ಕಾಣಿಸಿಕೊಂಡದ್ದು ಅವನಿಗೆ ಅವಮಾನವೆನಿಸಿತು. ಅವಮಾನ ಸಿಟ್ಟಾಯಿತು. ಗಿರಾಕಿಯ ಮಾಲನ್ನು ಯಾರನ್ನು ಕೇಳಿ ಮನೆಗೆ ಒಯ್ದೆ ಎಂದು ಕೇಳಿದ. ಇದನ್ನು ಜಯಕರರಿಗೆ ಹೇಳಿದರೆ ಏನಾಗುತ್ತದೆ ಗೊತ್ತೇ ಎಂದ. ಹೇಳಿ ಸರ್ ಎಂದಳು, ಹೆದರಿಕೆಯಿಂದಲ್ಲ, ನಿಜಕ್ಕೂ ಹೇಳಲಿ ಎಂಬಂತೆ.

ಜಯಕರ ಕಂಪನಿಯ ಯಜಮಾನ. ವೈಜನಾಥನಿಗಿಂತ ಹನ್ನೊಂದು ವರ್ಷ ಚಿಕ್ಕವನು. ಹಿಂದಿನ ಸಂಜೆ ಅವನು ವೈಜನಾಥನನ್ನು ತನ್ನ ಕೋಣೆಗೆ ಕರೆದು, ಬಾಗಿಲು ಹಾಕಿ, ಸೋಫಾದ ಮೇಲೆ ಕೂರಿಸಿ, ಬಹಳ ಮರ್ಯಾದೆಯಿಂದ ಮಾತಾಡಿದ್ದ. ನಾವು ಮೂವತ್ತು ಜನರ ಕಂಪನಿ, ಒಮ್ಮೆ ಚಿಪ್ ಸರಿಯಿಲ್ಲ ಎಂದು ಹೆಸರು ಬಂದರೆ ಮೂವತ್ತು ಮನೆ ಬೀದಿಗೆ ಬರುತ್ತವೆ ಎಂದ. ಮುಂದಿನ ಚಿಪ್ಪಿನಲ್ಲಿ ಸದ್ದಿಲ್ಲದೆ ಸರಿ ಮಾಡೋಣ ಎಂದ. ಅಂದರೆ ಅವನಿಗೂ ಗೊತ್ತು. ಗೊತ್ತಿದೆ ಎಂದು ಬಾಯಿಬಿಟ್ಟು ಹೇಳದೆ ಗೊತ್ತು ಮಾಡಿಸಿದ ಆ ನಯಕ್ಕೆ ವೈಜನಾಥ ಒಳಗೊಳಗೆ ಬೆರಗಾಗಿದ್ದ. ಎದ್ದು ಬರುವಾಗ ಜಯಕರ ಭುಜ ತಟ್ಟಿ, ಗೋಡೆಯ ಮೇಲಿನ ಫಲಕ ತೋರಿಸಿ, ಇದು ನಿಮ್ಮ ಮರ್ಯಾದೆಯೂ ಹೌದಲ್ಲ ಸರ್ ಎಂದಿದ್ದ. ಭುಜದ ಆ ಜಾಗ ಇನ್ನೂ ಬೇರೆಯವರದೆನ್ನುವಂತೆ ಇತ್ತು.

ಗೋದಾಮಿನ ಸಭೆಯ ಕೋಣೆ ಶೀತಕೋಣೆಗೆ ಅಂಟಿಕೊಂಡೇ ಇತ್ತು. ಗೋಡೆಯ ಆಚೆ ಯಂತ್ರ ಒಂದೇ ಸಮನೆ ಗುಂಯ್‌ಗುಡುತ್ತಿತ್ತು; ಮೇಜಿಗೆ ಮೊಣಕೈ ಊರಿದರೆ ಮೂಳೆಗೆ ಆ ನಡುಕ ತಿಳಿಯುತ್ತಿತ್ತು. ಗೋದಾಮಿನ ಗುಣಮಟ್ಟ ನೋಡಿಕೊಳ್ಳುವ ಸಮೀರ ಎಂಬುವನು ಎದುರು ಕೂತಿದ್ದ, ಚೊಕ್ಕವಾಗಿ ಕ್ಷೌರ ಮಾಡಿಕೊಂಡ, ದಣಿದ ಕಣ್ಣಿನ ಮನುಷ್ಯ. ಮಾತು ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ನಡೆಯಿತು. ಕೆಲಸಗಾರ ಬಾಗಿಲ ಬಳಿ ನಿಂತಿದ್ದ. ಅವನಿಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ. ಕೋಣೆಯಲ್ಲಿ ಎರಡು ಕುರ್ಚಿ ಖಾಲಿಯಿದ್ದವು. ಐವತ್ತು ದಾಟಿದವನು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮದುವೆಗೆ ಹೊರಟವನಂತೆ ತಲೆಗೆ ಎಣ್ಣೆ. ಶಿವರಾಯ ಎಂದು ಸಮೀರ ಕಾಗದ ನೋಡಿ ಹೆಸರು ಓದಿದ.

ವೈಜನಾಥ ವರದಿ ಓದಿದ. ಹಿಂದಿರುಗಿ ಬಂದ ಮೂರೂ ಟ್ಯಾಗುಗಳನ್ನು ಪರೀಕ್ಷಿಸಲಾಗಿದೆ, ಮೂರೂ ಸರಿಯಾಗಿ ಶುರುವಾಗಿವೆ, ಒಳಗಿನ ವೋಲ್ಟೇಜು ಇಷ್ಟು, ತಿಂದ ಕರೆಂಟು ಇಷ್ಟು. ಓದಿದ್ದರಲ್ಲಿ ಒಂದು ಶಬ್ದವೂ ಸುಳ್ಳಿರಲಿಲ್ಲ. ಅದಕ್ಕಾಗಿಯೇ ಅವನು ನಾಲ್ಕು ದಿನ ಕೂತು ಅದನ್ನು ಬರೆದಿದ್ದ. ಸಮೀರ ತಲೆಯಾಡಿಸುತ್ತ ಕೇಳಿ, ಕೊನೆಗೆ ಪೆನ್ನು ಕೆಳಗಿಟ್ಟು, ಇದೆಲ್ಲ ತಂಪಿನಲ್ಲಿಟ್ಟು ನೋಡಿದ್ದು ತಾನೇ ಎಂದು ಕೇಳಿದ. ಕೇಳಬೇಕಲ್ಲ ಎಂದು ಕೇಳಿದ ಹಾಗಿತ್ತು. ವೈಜನಾಥ ಬಾಯಿ ತೆರೆಯುವ ಮುಂಚೆ ಹರ್ಷಿಣಿ ಮಾತಾಡಿದಳು. ಒಂದು ಟ್ಯಾಗನ್ನು ತಾನು ತಂಪಿನಲ್ಲಿಟ್ಟು ನೋಡಿದ್ದೇನೆ, ಅದು ಏಳಲಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಗುಂಯ್‌ಗುಡುವ ಗೋಡೆ ಇನ್ನಷ್ಟು ಹತ್ತಿರ ಬಂದಂತಾಯಿತು. ಎಲ್ಲಿಟ್ಟು ನೋಡಿದಿರಿ ಎಂದು ಸಮೀರ ಕೇಳಿದ. ಅವಳು ತಡವರಿಸಿದಳು. ಆ ಒಂದು ಕ್ಷಣ ವೈಜನಾಥನಿಗೆ ಸಾಕಾಯಿತು. ತಾನು ಏನು ಮಾಡಲಿದ್ದೇನೆಂದು ತನಗೇ ತಿಳಿಯುವ ಮೊದಲೇ ನಗುತ್ತಿದ್ದ. ಎಲ್ಲಿ ಅಂತ ಹೇಳು ಎಂದ, ಮಗುವಿಗೆ ಹೇಳುವ ಹಾಗೆ. ಹೋಟೆಲಿನ ಫ್ರಿಜ್ಜಿನಲ್ಲಿ ಎಂದಳು. ಸಮೀರನೂ ನಕ್ಕ. ಹೋಟೆಲಿನ ಫ್ರಿಜ್ಜಿನಲ್ಲಿ ಎಷ್ಟು ಡಿಗ್ರಿ, ಎಷ್ಟು ತೇವ, ಯಾವ ಅಳತೆಯ ಯಂತ್ರ ಎಂದು ವೈಜನಾಥ ಒಂದೊಂದಾಗಿ ಕೇಳಿ, ಅವಳು ಇನ್ನೂ ಹೊಸಬಳು, ಹಿಂದೊಮ್ಮೆ ಲೆಕ್ಕದಲ್ಲಿ ತಪ್ಪು ಮಾಡಿಕೊಂಡು ಆಗಿನಿಂದ ತಂಪೆಂದರೆ ಹೆದರುತ್ತಾಳೆ ಎಂದು ಇಂಗ್ಲಿಷಿನಲ್ಲಿ ಮುಗಿಸಿದ. ಸಮೀರ ಮುಂದೆ ಕೇಳಲಿಲ್ಲ. ಚಿಪ್ಪಿನ ತಪ್ಪಾದರೆ, ಖಾಲಿ ಟ್ಯಾಗಿನ ಪೆಟ್ಟಿಗೆಯನ್ನು ಹೊರಗೆ ಬಿಟ್ಟ ನಿಯಮ ಯಾರದು, ಯಂತ್ರ ಹದ ತಪ್ಪಿದ್ದನ್ನು ನೋಡಬೇಕಾದವರು ಯಾರು ಎಂಬ ಪ್ರಶ್ನೆಗಳು ಅವನ ಕಡೆಗೂ ತಿರುಗುತ್ತಿದ್ದವು. ಅವನ ದಣಿದ ಕಣ್ಣಿನಲ್ಲಿ ಒಂದು ಬಗೆಯ ಉಪಕಾರಸ್ಮರಣೆ ಕಂಡಿತು. ಹರ್ಷಿಣಿ ಲ್ಯಾಪ್‌ಟಾಪಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. ಅವಳ ಕಿವಿ ಕೆಂಪಾಗಿರಲಿಲ್ಲ, ಬಿಳಿಚಿಕೊಂಡಿತ್ತು.

ಆಮೇಲೆ ಶಿವರಾಯನನ್ನು ಕೇಳಿದರು. ಗುಂಡಿ ಒತ್ತಿದ್ದೇನೆಂದು ಅವನು ಹರಕು ಹಿಂದಿಯಲ್ಲಿ ಹೇಳಿದ. ಎರಡು ತಿಂಗಳಿನಿಂದ ಹೇಳುತ್ತಿರುವುದರಿಂದ ಆ ವಾಕ್ಯ ಸವೆದು ನುಣುಪಾಗಿತ್ತು. ಹೇಳಿ ಮುಗಿಸಿ, ಗೇಟಿನಲ್ಲಿ ಮರಾಠಿಯಲ್ಲಿ ಬರೆದುಕೊಟ್ಟು ವೈಜನಾಥನ ಎದೆಯ ಮೇಲೆ ತೂಗುತ್ತಿದ್ದ ಹೆಸರಿನ ಚೀಟಿಯನ್ನು ಓದಿದ; ಅದು ಅವನ ಊರ ಕಡೆ ಮನೆಮನೆಯ ಹೆಸರು. ಅವನ ಮುಖ ಬದಲಾಯಿತು.

“ಸಾಹೇಬ್ರ, ನೀವು ಬೀದರ ಕಡಿಯವ್ರೇನ್ರಿ?”

ಭಾಲ್ಕಿ ಎಂದು ವೈಜನಾಥನ ಬಾಯಿಂದ ಹೊರಟೇಹೋಯಿತು. ಎಷ್ಟೋ ವರ್ಷವಾಗಿತ್ತು ಈ ಊರುಗಳಲ್ಲಿ ಯಾರೂ ಅವನನ್ನು ಹಾಗೆ ಕೇಳಿ. ಶಿವರಾಯ ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. ನಮ್ಮದು ಔರಾದ ಕಡೆ ಎಂದ. ಆಮೇಲೆ, ಇಷ್ಟು ದಿನ ಬೇರೆಯವರ ಭಾಷೆಯಲ್ಲಿ ಗಂಟಲಿಗೆ ಸಿಕ್ಕಿಕೊಂಡದ್ದೆಲ್ಲ ಒಮ್ಮೆಲೇ ಸಡಿಲಾದಂತೆ ಹೇಳಿದ:

“ನಾ ಅರವತ್ತೂ ಗುಂಡಿ ಒತ್ತೀನ್ರಿ. ಒಂದೊಂದಕ್ಕೂ ಹಸರ ದೀಪ ಹತ್ತಿದ್ದು ನೋಡೇ ಒಳಗ ಇಟ್ಟೀನಿ. ಹದ್ನಾಕ ವರ್ಷ ಆಯ್ತು ಇಲ್ಲಿ, ಒಂದ ದಿನ ತಪ್ಪ ಮಾಡಿಲ್ರಿ. ನೀವು ದೊಡ್ಡ ಇಂಜಿನಿಯರ್ ಅದೀರಿ. ಇವ್ರಿಗಿ ನೀವರೆ ತಿಳಿಸಿ ಹೇಳ್ರಿ.”

ಏನನ್ನುತ್ತಾನೆ, ನಿಮ್ಮ ಭಾಷೆಯಲ್ಲಿ ಏನಾದರೂ ಒಪ್ಪಿಕೊಂಡನೇ ಎಂದು ಸಮೀರ ಇಂಗ್ಲಿಷಿನಲ್ಲಿ ಕೇಳಿದ. ವೈಜನಾಥ ಮೇಜಿನ ಮೇಲಿನ ನೀರಿನ ಲೋಟ ನೋಡಿದ. ನೀರಿನ ಮೇಲ್ಮೈ ಯಂತ್ರದ ಸದ್ದಿಗೆ ಸಣ್ಣಗೆ ನಡುಗುತ್ತಿತ್ತು. ಹದಿನಾಲ್ಕು ವರ್ಷದಲ್ಲಿ ಒಂದು ದಿನ ತಪ್ಪು ಮಾಡಿಲ್ಲವಂತೆ ಎಂದ. ಅದು ಶಿವರಾಯ ಹೇಳಿದ್ದೇ. ನಂತರ, ವಯಸ್ಸಾಯಿತು, ಒಮ್ಮೆ ಕಣ್ಣು ತಪ್ಪಿ ಆಗಿದ್ದರೆ ಕ್ಷಮಿಸಿ ಅನ್ನುತ್ತಿದ್ದಾನೆ ಎಂದ. ಅದು ಶಿವರಾಯ ಹೇಳಿರಲಿಲ್ಲ. ಹರ್ಷಿಣಿ ತಲೆಯೆತ್ತಿದಳು. ಅವನನ್ನು ಬಿಟ್ಟರೆ ಆ ಕೋಣೆಯಲ್ಲಿ ಎರಡೂ ಭಾಷೆ ತಿಳಿದವಳು ಅವಳೊಬ್ಬಳೇ. ವೈಜನಾಥ ಅವಳ ಕಡೆ ನೋಡದೆ ಅವಸರದಲ್ಲಿ ಮುಂದುವರಿಸಿದ: ದಯವಿಟ್ಟು ಕೆಲಸದಿಂದ ತೆಗೆಯಬೇಡಿ, ಬಡವ, ನಮ್ಮ ಕಡೆಯವನು, ನನಗಾಗಿ ಇದೊಂದು ಮಾಡಿ. ಹೀಗೆ ಹೇಳುವಾಗ ಅವನ ದನಿ ನಿಜಕ್ಕೂ ಒದ್ದೆಯಾಯಿತು. ತನ್ನೊಳಗೆ ಇನ್ನೂ ಕರುಣೆಯಿದೆ ಎಂದು ತಿಳಿದು ಒಂದು ಗಳಿಗೆ ಹಿತವೆನಿಸಿತು, ಚಳಿಯಲ್ಲಿ ಮೂತ್ರ ಹೊಯ್ದುಕೊಂಡವನಿಗೆ ಮೊದಲು ಬೆಚ್ಚಗೆನಿಸುವ ಹಾಗೆ.

ಸಮೀರ ಉದಾರನಾದ. ತಪ್ಪೊಪ್ಪಿಗೆಗೆ ಸಹಿ ಹಾಕಿದರೆ ಕೆಲಸದಿಂದ ತೆಗೆಯುವುದಿಲ್ಲ; ಕಾಯಂ ನೌಕರಿ ಹೋಗುತ್ತದೆ, ಗುತ್ತಿಗೆಯ ಮೇಲೆ ಪ್ಯಾಕಿಂಗಿಗೆ ಹೋಗಲಿ ಎಂದ. ಇಂಗ್ಲಿಷಿನ ಕಾಗದ ಮೊದಲೇ ಸಿದ್ಧವಿತ್ತು. ಕೆಲಸ ಉಳಿಯಿತು, ಇನ್ನು ಪ್ಯಾಕಿಂಗು ಎಂದಷ್ಟೇ ವೈಜನಾಥ ಕನ್ನಡದಲ್ಲಿ ಹೇಳಿದ. ಶಿವರಾಯ ಪೆನ್ನು ಹಿಡಿದು, ಸಮೀರನನ್ನಲ್ಲ, ವೈಜನಾಥನನ್ನು ನೋಡಿದ.

“ಸಹಿ ಹಾಕ್ಲೇನ್ರಿ?”

“ಹಾಕ್ರಿ.”

ಹೊರಗೆ ಕಾರಿನ ಹತ್ತಿರ ಹರ್ಷಿಣಿ ತನ್ನ ಚೀಲ ತೆಗೆದುಕೊಂಡಳು. ಬಸ್ಸಿಗೆ ಹೋಗುತ್ತೇನೆ ಎಂದಳು. ಇಷ್ಟು ದೂರ, ಬಿಸಿಲಲ್ಲಿ, ಏನು ಹುಡುಗಾಟ ಎಂದು ಅವನು ಗದರಿದ. ಮಹಿಬೂಬನ ಎದುರು ದನಿ ಏರಬಾರದೆಂದು ಗದರಿದ್ದು ಬೇಡಿಕೊಂಡಂತೆ ಕೇಳಿಸಿತು. ಬೇಕಾದರೆ ನಿನ್ನ ಬಡ್ತಿಯ ವಿಷಯ ಜಯಕರರೊಡನೆ ಮಾತಾಡುತ್ತೇನೆ ಎಂದೂ ಅಂದ. ಅವಳು ಕೇಳಿಸಿಕೊಂಡಳೋ ಇಲ್ಲವೋ.

“ಆ ರಿಪೋರ್ಟಲ್ಲಿ ನನ್ನ ಹೆಸರು ಬೇಡ ಸರ್. ಎರಡು ವರ್ಷದ ಹಿಂದಿನದ್ದರಲ್ಲೂ ಬೇಡ. ಆವತ್ತು ನೀವು ಹೇಳಿದಿರಿ ಅಂತ ಮೂರು ಗೆರೆ ತೆಗ್ದದ್ದು ನಾನೇ.” ಸ್ವಲ್ಪ ತಡೆದು, ಸರಿಯಾದ ಶಬ್ದ ಹುಡುಕಿ ಹೇಳಿದಳು: “ಇವತ್ತು ಅವರು ಹೇಳಿದ್ದನ್ನೂ ನೀವು ತೆಗ್ದಿರಿ. ನಾನು ಸುಮ್ನೆ ಕೂತಿದ್ದೆ.”

ಆಟೋ ಹತ್ತಿ ಹೋದಳು. ಅವಳು ಬೈದಿದ್ದರೆ ಎದುರು ಬೈಯಬಹುದಿತ್ತು. ತನ್ನನ್ನೂ ಸೇರಿಸಿಕೊಂಡು ಹೇಳಿದ್ದರಿಂದ ಅವನಿಗೆ ಏನೂ ಉಳಿಯಲಿಲ್ಲ. ಜಯಕರನಿಗೆ ಫೋನು ಮಾಡಿ ಎಲ್ಲ ಸರಿಹೋಯಿತೆಂದು ಹೇಳಿದ. ಗೊತ್ತಿತ್ತು ಸರ್ ಎಂದು ಆ ಕಡೆಯಿಂದ ನಗು ಬಂತು.

ಗೇಟಿನ ಬಳಿ ಶಿವರಾಯ ಕಾಯುತ್ತಿದ್ದ. ಮನೆ ಇಲ್ಲೇ, ಎರಡು ಗಲ್ಲಿ ಆಚೆ. ಒಂದು ರೊಟ್ಟಿ ತಿಂದು ಹೋಗಬೇಕು ಎಂದು ಕೈಮುಗಿದ. ಬೇಡವೆನ್ನಲು ವೈಜನಾಥ ನಾಲ್ಕು ಕಾರಣ ಹೇಳಿದ. ಆ ಮನುಷ್ಯ ಪ್ರತಿಯೊಂದಕ್ಕೂ ಹೌದ್ರಿ ಹೌದ್ರಿ ಎನ್ನುತ್ತ ಕಾರಿನ ಬಾಗಿಲು ಬಿಡಲಿಲ್ಲ. ಕೊನೆಗೆ, ತನ್ನ ಮನೆಯ ಅನ್ನ ಬೇಡವೇ ಎಂಬ ಅನುಮಾನ ಅವನ ಕಣ್ಣಿನಲ್ಲಿ ಸುಳಿದದ್ದು ಕಂಡು ವೈಜನಾಥ ಇಳಿದ. ತಾನು ಕೆಟ್ಟವನಾಗಿರಬಹುದು, ಸೊಕ್ಕಿನವನೆಂದು ತಿಳಿಯಬಾರದು.

ಎರಡು ಕೋಣೆಯ ಮನೆ. ಹೊರಕೋಣೆಯಲ್ಲಿ ಚಾಪೆ ಹಾಸಿದ್ದರು. ಶಿವರಾಯನ ಹೆಂಡತಿ ರಾಧಾಬಾಯಿ ಸೆರಗು ತಲೆಯ ಮೇಲೆಳೆದುಕೊಂಡು ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ ಇಟ್ಟಳು. ನಿಮ್ಮಿಂದ ಇವರ ಕೆಲಸ ಉಳೀತ್ರಿ ಎಂದಳು. ಪುಂಡಿಯ ಹುಳಿ ನಾಲಿಗೆಯ ಸುಟ್ಟ ಜಾಗಕ್ಕೆ ತಾಗಿತು. ಎಷ್ಟು ವರ್ಷದ ಮೇಲೆ ಆ ರುಚಿ! ವೈಜನಾಥ ಮೂರು ರೊಟ್ಟಿ ತಿಂದ. ತಿನ್ನಬಾರದೆಂದು ಅಂದುಕೊಳ್ಳುತ್ತಲೇ ನಾಲ್ಕನೆಯದಕ್ಕೆ ಕೈಯೊಡ್ಡಿದ. ತನ್ನ ಹಸಿವಿಗೆ ನಾಚಿಕೆಯಿಲ್ಲದಿರುವುದನ್ನು ದೂರ ನಿಂತು ನೋಡುತ್ತಿರುವಂತೆ ಅವನಿಗನಿಸಿತು. ಶಿವರಾಯ ಎದುರು ಕೂತು, ತಾನು ತಿನ್ನದೆ, ಅವನು ತಿನ್ನುವುದನ್ನು ಸಂತೋಷದಿಂದ ನೋಡಿದ. ಕೈ ತೊಳೆದ ಮೇಲೆ ಕೇಳಿದ:

“ಸಾಹೇಬ್ರ, ಕೆಲಸ ಉಳೀತು, ಅದು ಖರೇ. ಆದ್ರ ನಾ ಗುಂಡಿ ಒತ್ತಿದ್ದು ನೀವರೆ ನಂಬ್ತೀರಿ, ಇಲ್ಲೋ?”

“ನಂಬತೀನಿ.”

ಎಷ್ಟು ಸಲೀಸಾಗಿ ಬಂತು ಆ ಮಾತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ, ಅದಕ್ಕೆ ಯಾವ ಬೆಲೆಯೂ ಇರಲಿಲ್ಲ. ಶಿವರಾಯ ಚಾಪೆಯ ಮೇಲೆ ಇನ್ನಷ್ಟು ಹತ್ತಿರ ಸರಿದ. ಆಮೇಲೆ, ಹಾಗಾದರೆ ಅದನ್ನೇ ಒಂದು ಚೀಟಿಯಲ್ಲಿ ಬರೆದು ಕೊಡುವಿರಾ ಎಂದ. ಯಾರಿಗೂ ತೋರಿಸುವುದಿಲ್ಲ, ಗೋದಾಮಿಗಂತೂ ಒಯ್ಯುವುದಿಲ್ಲ, ಮನೆಯಲ್ಲಿರಲಿ, ಅಷ್ಟೇ. ರಾಧಾಬಾಯಿ ಒಳಗಿನಿಂದ ನೋಟುಬುಕ್ಕಿನ ಒಂದು ಹಾಳೆ ಹರಿದು ತಂದಳು. ವೈಜನಾಥ ಪೆನ್ನು ತೆಗೆದ. ಗುಂಡಿ ಎಂದು ಬರೆದರೆ ಮುಂದಿನ ಶಬ್ದ ಯಾವುದು, ಅದರ ಮುಂದಿನದು ಯಾವುದು, ಆ ಹಾಳೆ ಯಾವ ವಕೀಲನ ಕೈಗೆ ಹೋಗಬಹುದು, ಅಲ್ಲಿಂದ ಗೋಡೆಯ ಮೇಲಿನ ಫಲಕದವರೆಗೆ ಎಷ್ಟು ದೂರ, ಎಲ್ಲವೂ ಒಂದು ಕ್ಷಣದಲ್ಲಿ ಅವನ ತಲೆಯಲ್ಲಿ ಓಡಿತು. ಇಂಗ್ಲಿಷಿನಲ್ಲಿ ಬರೆದ: ಶಿವರಾಯ ಅವರು ಪ್ರಾಮಾಣಿಕರು ಮತ್ತು ಶ್ರಮಜೀವಿಗಳೆಂದು ನನಗೆ ಅನಿಸಿದೆ, ಅವರಿಗೆ ಒಳಿತಾಗಲಿ. ಕೆಳಗೆ ಓದಲಾಗದ ಹಾಗೆ ಸಹಿ ಎಳೆದ. ತಾರೀಖು ಹಾಕಲಿಲ್ಲ.

“ಗುಂಡಿದು ಬರ್ದೀರ‍್ಯಾ?”

“ಬರೆದೀನಿ.”

ಶಿವರಾಯ ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಒಳಕೋಣೆಯ ಕಡೆ ತಿರುಗಿದ. “ರೂಪಾ, ಬಾ ಇಲ್ಲಿ. ನೀನೇ ಓದು.” ಮತ್ತೆ ವೈಜನಾಥನಿಗೆ ತಗ್ಗಿದ ದನಿಯಲ್ಲಿ ಹೇಳಿದ: ಮಗಳು ಔಷಧದ ಡಿಪ್ಲೊಮಾ ಓದುತ್ತಿದ್ದಾಳೆ, ಇನ್ಸುಲಿನ್ ಕೆಟ್ಟರೆ ಏನಾಗುತ್ತದೆಂದು ಅವಳಿಗೆ ತಿಳಿಯುತ್ತದೆ, ನಿನ್ನಿಂದ ಇಬ್ಬರು ಸಾಯುತ್ತಿದ್ದರು ಎಂದವಳು ಎರಡು ತಿಂಗಳಾಯಿತು, ನನ್ನನ್ನು ಅಪ್ಪ ಎಂದು ಕರೆದಿಲ್ಲ. ನನ್ನ ಮಾತು ನಂಬುವುದಿಲ್ಲ. ನಿಮ್ಮದು ನಂಬುತ್ತಾಳೆ.

ಪರದೆ ಸರಿಸಿ ಬಂದವಳಿಗೆ ಹತ್ತೊಂಬತ್ತು ಇಪ್ಪತ್ತು ವಯಸ್ಸು. ಇಷ್ಟೂ ಹೊತ್ತು ಅಲ್ಲಿಯೇ ಇದ್ದಳು, ಎಲ್ಲ ಕೇಳಿದ್ದಳು. ಹಾಳೆ ತೆಗೆದುಕೊಂಡು ಓದಿದಳು. ಎರಡು ಸಾಲು ಓದಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಅದನ್ನು ಹಿಡಿದು ನಿಂತಳು. ಹಿಂದೆ ತಿರುಗಿಸಿ ನೋಡಿದಳು, ಅಲ್ಲಿ ಏನೂ ಇರಲಿಲ್ಲ. ಆಮೇಲೆ ವೈಜನಾಥನನ್ನು ನೋಡಿದಳು. ಅವನು ಗೋಡೆಗೆ ಕಣ್ಣು ಸರಿಸಿದ. ಮತ್ತೆ ಈ ಕಡೆ ನೋಡಿದಾಗಲೂ ಅವಳು ನೋಡುತ್ತಲೇ ಇದ್ದಳು. ಬರೆಯದೆ ಬಿಟ್ಟದ್ದನ್ನು ಅವಳು ಓದುತ್ತಿದ್ದಾಳೆಂದು ಅವನಿಗೆ ಗೊತ್ತಾಯಿತು.

“ಏನ್ ಬರ್ದಾರ?” ಶಿವರಾಯ ಕೇಳಿದ.

ಮರಾಠಿಯಲ್ಲಿ ಏನೋ ಹೇಳಲು ಬಾಯಿ ತೆರೆದವಳು ನಿಲ್ಲಿಸಿ, ಅಪ್ಪನ ಭಾಷೆಯನ್ನು ಹುಡುಕಿಕೊಂಡಳು.

“ನೀ ಒತ್ತಿದ್ದಿ ಅಂತ ಬರ್ದಾರ, ಅಪ್ಪಾ.”

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಅಪ್ಪನ ಕೈಗೆ ಕೊಡದೆ, ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಳು. ಶಿವರಾಯನ ಮುಖ ಒಮ್ಮೆ ಕಲಸಿಹೋಗಿ ಮತ್ತೆ ಕೂಡಿಕೊಂಡಿತು. ಬರುತ್ತೇನೆ ಎಂದು ವೈಜನಾಥ ಎದ್ದ. ಬಾಗಿಲಲ್ಲಿ ಬೂಟಿಗೆ ಕಾಲು ತೂರಿಸಲು ಹೋದರೆ ಹಿಮ್ಮಡಿ ಇಳಿಯಲಿಲ್ಲ. ಗೋಡೆ ಹಿಡಿದು ಒಂಟಿ ಕಾಲಿನಲ್ಲಿ ತೂರಾಡಿದ. ಶಿವರಾಯ ಓಡಿಬಂದು ಮಂಡಿಯೂರಿ ಬೂಟಿಗೆ ಕೈ ಹಾಕಿದ.

“ಬಿಡು ಅಪ್ಪಾ,” ಎಂದಳು ರೂಪಾ. “ಅವರ ಬೂಟ ಅವರು ಹಾಕ್ಕೋತಾರ.”

ಶಿವರಾಯ ಕೈ ತೆಗೆದ. ವೈಜನಾಥ ಹೊಸ್ತಿಲ ಪಕ್ಕ ನೆಲದ ಮೇಲೆ ಕೂತು ಬೂಟು ಹಾಕಿಕೊಂಡ. ಬಹಳ ಹೊತ್ತು ಹಿಡಿಯಿತು. ಅವನು ಹಾಕಿ ಮುಗಿಸುವವರೆಗೂ ಅವಳು ನಿಂತೇ ಇದ್ದಳು.